ಒಂದೇ ಬಾಯಿಯ ನಾಯಿ

ಹಾಲಾಡಿ ಸಂತೆಯಿಂದ ಮರಳುವ ಗಂಡಸರು ನಾಲ್ಕು ಮಂದಿ ಒಂದು ಜಗಲಿಯಲ್ಲಿ ಕೂತರೆಂದರೆ, ಯುದ್ಧದ ಮಾತು ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು, ಅಕ್ಕಿಯ ಮಾತು ಇನ್ನೊಂದು ಎಲೆಯಡಿಕೆಯಷ್ಟು ಹೊತ್ತು. ಅಲ್ಲಿಂದ ಮುಂದೆ ದೀಪ ಹಚ್ಚುವವರೆಗೂ ನಾಯಿಯದೇ ಮಾತು. ಮಂಜಯ್ಯ ಶೆಟ್ಟರ ಜಗಲಿಯಲ್ಲಂತೂ ಇದು ತಪ್ಪಿದ್ದೇ ಇಲ್ಲ. ನಾಯಿಯ ಮೈಗೆ ಉಣುಗು ಕಚ್ಚಿ ಹಿಡಿದರೆ ಹೊನ್ನೆ ಎಣ್ಣೆಯೋ ಬೇವಿನ ಎಣ್ಣೆಯೋ; ಕುತ್ತಿಗೆ ಹಿಡಿದು ಎತ್ತಿದಾಗ ಕುಂಯ್ ಎನ್ನುವ ಮರಿ ಬೇಟೆಗೆ ಬಂದೀತೋ ಬಾರದೋ; ಹಂದಿಯ ಕೋರೆ ತಾಗಿದ ಗಾಯಕ್ಕೆ ಅರಸಿನ ಮೊದಲೋ ಸುಣ್ಣ ಮೊದಲೋ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪಿದ ದಿನವಿಲ್ಲ. ಒಪ್ಪಿಬಿಟ್ಟರೆ ಮರುವಾರ ಬರುವುದಕ್ಕೆ ನೆಪ ಬೇಕಲ್ಲ.

ಶೆಟ್ಟರ ಹೆಂಡತಿ ಅಮ್ಮಣ್ಣಿ ಇದನ್ನೆಲ್ಲ ಅಡುಗೆಮನೆಯ ಕಿಟಕಿಯ ಸರಳುಗಳ ಹಿಂದಿನಿಂದ ಕೇಳುವವಳು. ಅವಳ ತವರು ತ್ರಾಸಿ. ಕಡಲ ಬದಿಯಲ್ಲಿ ಬೆಳೆದ ಹುಡುಗಿಗೆ ನಾಯಿ ಎಂದರೆ ಒಣಮೀನು ಹರಡಿದಲ್ಲಿಂದ ಹಚಾ ಎಂದು ಕಲ್ಲು ಬೀಸಿ ಓಡಿಸಬೇಕಾದ ಪ್ರಾಣಿ. ಮದುವೆಯಾಗಿ ಹಾಲಾಡಿಯಿಂದಲೂ ಒಳಗೆ, ಅಮಾಸೆಬೈಲಿನ ಗುಡ್ಡಗಳು ಕಾಣುವ ಈ ಮನೆಗೆ ಬಂದರೆ, ಇಲ್ಲಿ ಬೇಟೆಯ ನಾಯಿಗೆ ಗಂಜಿ ಹೊಯ್ದ ಮೇಲೆಯೇ ಗಂಡಸರು ಎಲೆಯ ಮುಂದೆ ಕೂರುವುದು. ಮೊದಮೊದಲು ಅವಳಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು, ಕೊನೆಗೆ ರೂಢಿಯಾಯಿತು. ಹೆಂಗಸು ಹೊಸ ಮನೆಗೆ ಒಗ್ಗುವ ದಾರಿ ಇದೇ ತಾನೆ.

ಶೆಟ್ಟರ ನಾಯಿಯ ಹೆಸರು ಬೈರ. ಕೆಂದು ಬಣ್ಣ, ಅಗಲ ಎದೆ, ಎಲ್ಲ ನಾಯಿಗೂ ಇರುವ ಹದಿನೆಂಟಲ್ಲ, ಇಪ್ಪತ್ತು ಉಗುರು. ಇಪ್ಪತ್ತು ಉಗುರಿನ ನಾಯಿ ಹಿಡಿದ ಹಂದಿಯನ್ನು ಬಿಡುವುದಿಲ್ಲ ಎಂಬುದೊಂದೇ ಆ ಜಗಲಿಯಲ್ಲಿ ಎಲ್ಲರೂ ಒಪ್ಪಿದ್ದ ಮಾತು. ಇನ್ನೊಂದಿತ್ತು. ಬೇಟೆಯ ನಾಯಿಗೆ ಒಂದೇ ಬಾಯಿ. ಅಂದರೆ ಸಾಕಿದವನೊಬ್ಬನೇ ಅದನ್ನು ಹೆಸರು ಹಿಡಿದು ಕರೆಯಬೇಕು. ಮನೆಯಲ್ಲಿ ಕಂಡಕಂಡವರು ಕರೆದು, ಮುದ್ದು ಮಾಡಿ, ಎರಡನೆಯ ಬಾಯಿ ಕಿವಿಗೆ ಬಿತ್ತೋ, ಹಾಡಿಯ ಕಾಡಿನೊಳಗೆ ಹತ್ತು ಜನ ಬೊಬ್ಬೆ ಹಾಕುವಾಗ ಅದು ಯಾರ ಮಾತು ಕೇಳಬೇಕೆಂದು ತಿಳಿಯದೆ ಕಂಗೆಡುತ್ತದೆ. ಆಮೇಲೆ ಅದು ಅಂಗಳ ಕಾಯುವುದಕ್ಕೇ ಸೈ.

ಹಾಗಾಗಿ ಬೈರ ಮರಿಯಾಗಿ ಬಂದ ದಿನದಿಂದ ಅಮ್ಮಣ್ಣಿ ಅದರ ಹೆಸರು ಹೇಳಿದವಳಲ್ಲ. ಹೇಳಬಾರದ ಹೆಸರು ಅವಳಿಗೆ ಮೊದಲೇ ಒಂದಿತ್ತು, ಗಂಡನದು. ಅದರ ಜೊತೆಗೆ ಇದೂ ಸೇರಿತು. ಗಂಡನನ್ನು 'ಅವ್ರ್' ಎಂದಳು, ನಾಯಿಯನ್ನು 'ಅವ್ರ್ ನಾಯಿ' ಎಂದಳು. ಊಟಕ್ಕೆ ಕರೆಯಬೇಕಾದರೆ ಗಂಜಿಯ ಮಡಕೆಯನ್ನು ಹಿತ್ತಲ ಕಲ್ಲಿನ ಮೇಲಿಟ್ಟು ತೆಂಗಿನ ಚಿಪ್ಪಿನಿಂದ ಕೆರೆಯುವಳು. ಬಿಸಿ ಗಂಜಿ ಹೊಯ್ದರೆ ನಾಯಿಯ ಮೂಗು ಸಾಯುತ್ತದೆ ಎಂದು ಜಗಲಿಯಿಂದ ಕೇಳಿದ್ದಳಲ್ಲ, ತಣ್ಣೀರು ಬೆರೆಸಿ, ಬೆರಳು ಅದ್ದಿ ನೋಡಿ ಹೊಯ್ಯುವಳು. ನಾಯಿ ಅವಳ ಕೈ ನೋಡುತ್ತಿತ್ತು, ಮುಖ ನೋಡುತ್ತಿರಲಿಲ್ಲ. ಏಳೆಂಟು ವರ್ಷ ಹೀಗೆಯೇ ಕಳೆಯಿತು.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಆ ಮಳೆಗಾಲದ ಕೊನೆಗೆ ಶೆಟ್ಟರಿಗೆ ಚಳಿಜ್ವರ ಬಂತು. ಕ್ವಿನೈನ್ ಗುಳಿಗೆ ಕುಂದಾಪುರದಲ್ಲೂ ಇಲ್ಲ, ಬ್ರಹ್ಮಾವರದಲ್ಲೂ ಇಲ್ಲ. ಕಷಾಯ ಕುಡಿದು ಕುಡಿದು ಬಾಯಿ ಕಹಿಯಾಗಿ, ದೀಪಾವಳಿಗೆ ಮೊದಲೇ ಅವರು ಹೋಗಿಬಿಟ್ಟರು. ಹೆಣ ಎತ್ತಲು ಬಂದವರನ್ನು ನಾಯಿ ಹತ್ತಿರ ಬಿಡಲಿಲ್ಲ. ಅಮ್ಮಣ್ಣಿಯೇ ನೆರೆಯ ಕುಷ್ಟನಿಗೆ ಹೇಳಿ ಅದನ್ನು ಹಿಂದಿನ ದನದ ಹಟ್ಟಿಯಲ್ಲಿ ಕಟ್ಟಿಸಿದಳು. ಬಿಚ್ಚಿದ್ದು ಎಲ್ಲ ಮುಗಿದ ಮೇಲೆ. ಹೊರಗೆ ಬಂದ ನಾಯಿ ಜಗಲಿ ಮೂಸಿತು, ಮಂಚ ಮೂಸಿತು, ಅಂಗಳ ದಾಟಿ ಬೇಲಿಯ ದಣಪೆಯ ಬಳಿ ಹೋಗಿ ಹಾಲಾಡಿಯ ದಾರಿಗೆ ಮುಖ ಮಾಡಿ ಕೂತಿತು. ಸಂತೆಗೆ ಹೋದ ಶೆಟ್ಟರು ಬರುತ್ತಿದ್ದುದು ಆ ದಾರಿಯಿಂದಲೇ.

ಅಳಿಯಸಂತಾನದ ಮನೆ. ಯಜಮಾನ ತೀರಿದ ಮೇಲೆ ಗದ್ದೆ, ಮನೆ, ದನಕರು ಎಲ್ಲ ಅವನ ತಂಗಿಯ ಮಗನಿಗೆ. ಹೆಂಡತಿ ತನ್ನ ತವರಿಗೆ. ತವರಿನಲ್ಲಿ ಅವಳಿಗೂ ಹಕ್ಕಿನ ಜಾಗವಿತ್ತು, ಆದ್ದರಿಂದ ಅದರಲ್ಲಿ ಅಳುವಂಥದ್ದೇನೂ ಇರಲಿಲ್ಲ. ಅಳಿಯ ರತ್ನಾಕರ ಬಂದು ಉಳಿದ. ಒಳ್ಳೆಯ ಹುಡುಗ. ಅತ್ತೆ ಎಂದು ಗೌರವ ಇತ್ತು, ದುಡಿಮೆ ಇತ್ತು. ಇದ್ದ ಚಟ ಒಂದೇ, ಯಾರ ದನಿಯನ್ನಾದರೂ ಅವರೇ ಎಂಬಂತೆ ಮಾಡಿ ತೋರಿಸುವುದು. ಅಮ್ಮಣ್ಣಿಯ ಅಣ್ಣ ತೇಜಪ್ಪ ತ್ರಾಸಿಯಿಂದ ಹೇಳಿ ಕಳಿಸಿದ್ದ, ಉತ್ತರಕ್ರಿಯೆಯ ಬೊಜ್ಜ ಮುಗಿದು ಕೊಯ್ಲು ಮುಗಿದ ಮೇಲೆ ಗಾಡಿ ತರುತ್ತೇನೆಂದು. ಅಮ್ಮಣ್ಣಿ ತನ್ನ ಸೀರೆ, ಚೆಂಬು, ಮಡಿಚಿದ ಕಂಬಳಿ ಎಲ್ಲ ಗಂಟು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಂಗಳಕ್ಕೆ. ಅಂಗಳದಿಂದ ಕಾಣುತ್ತಿದ್ದುದು ದಣಪೆಯ ಬಳಿ ಆ ಕೆಂದು ಬೆನ್ನು. ಮನೆ ಬಿಡುವುದು ಅವಳಿಗೆ ದೊಡ್ಡದಾಗಿರಲಿಲ್ಲ. ಈ ನಾಯಿ ಹೀಗೆ ಕೂತಿರುವಾಗ ಅದರ ಮುಂದಿನಿಂದಲೇ ಗಾಡಿಯಲ್ಲಿ ಹೋಗುವುದು ಹೇಗೆ ಎಂಬುದೇ ದೊಡ್ಡದಾಗಿತ್ತು.

ಕೊಯ್ಲಿನ ಕೊನೆಗೆ ಹಂದಿಗಳು ಇಳಿದು ಗೆಣಸಿನ ಓಳಿಗಳನ್ನೆಲ್ಲ ಉತ್ತುಹಾಕಿದವು. ಮದ್ದುಗುಂಡು ಸಿಗದ ಕಾಲ, ಕೋವಿಗಳು ಗೋಡೆಯ ಮೊಳೆಯಲ್ಲೇ ತುಕ್ಕು ಹಿಡಿಯುತ್ತಿದ್ದವು. ಇನ್ನು ನಾಯಿ ಮತ್ತು ಈಟಿಯೇ ಗತಿ. ಕುಷ್ಟ ತನ್ನ ಜರ್ಮನ್ ಎಂಬ ನಾಯಿಯನ್ನು ತಂದ. ಯುದ್ಧ ಶುರುವಾದ ವರ್ಷ ಹುಟ್ಟಿದ್ದಕ್ಕೆ ಆ ಹೆಸರು. ಸ್ವಭಾವದಲ್ಲಿ ಅದು ಬೆಕ್ಕು ಕಂಡರೆ ಒಡೆಯನ ಕಾಲಸಂದಿಗೆ ಬರುವ ಜಾತಿ. ಪಕ್ಕದ ಮನೆಯ ಕಿಟ್ಟ ತನ್ನೆರಡು ನಾಯಿ ತಂದ. ಬೈರ ಮಾತ್ರ ದಣಪೆ ಬಿಟ್ಟು ಏಳಲಿಲ್ಲ. ಹಗ್ಗ ಹಾಕಿ ಎಳೆದರೆ ನಾಲ್ಕೂ ಕಾಲು ಊರಿ ನಿಂತಿತು. ಅದನ್ನು ಅಲ್ಲೇ ಬಿಟ್ಟು ಗಂಡಸರು ಗುಡ್ಡದ ಕಡೆ ಹೋದರು.

ಅಮ್ಮಣ್ಣಿ ಒಳಗೆ ಅಕ್ಕಿ ಕೇರುತ್ತಿದ್ದಳು. ಗುಡ್ಡದ ಬುಡದಿಂದ ಕೂಗು ಬಂತು. "ಬೈರಾ... ಹೋ..." ಮೊದಲು ಏರಿ, ಕೊನೆಗೆ ಎದೆಯೊಳಗೆ ಇಳಿಯುವ ಆ ಕೂಗು. ಸಂಜೆ ಬೇಟೆಯಿಂದ ಮರಳುವಾಗ ಗಂಡ ಹಾಗೆ ಕೂಗಿದರೆ ಬಚ್ಚಲ ಒಲೆಗೆ ಬೆಂಕಿ ಹಾಕುವುದು ಅವಳ ವಾಡಿಕೆ. ಗೆರಸೆ ಕೆಳಗಿಟ್ಟು ಎದ್ದು ಹೋಗಿ ಅವಳು ಒಲೆಗೆ ಎರಡು ಕಟ್ಟಿಗೆ ದೂಡಿಯೇಬಿಟ್ಟಿದ್ದಳು. ಆಮೇಲೆ ನೆನಪಾಯಿತು. ದೂಡಿದ ಕಟ್ಟಿಗೆಯನ್ನು ಹೊರಗೆಳೆದು ನೀರು ಹೊಯ್ದಳು. ಹೊರಗೆ ಬಂದು ನೋಡಿದರೆ ದಣಪೆಯ ಬಳಿ ನಾಯಿ ಇಲ್ಲ.

ಸಂಜೆ ಗಂಡಸರು ಬರಿಗೈಯಲ್ಲಿ ಬಂದರು. ರತ್ನಾಕರನ ಮುಖ ಬಾಡಿತ್ತು. ಜಗಲಿಯ ಕೆಳಗೇ ನಿಂತು ಹೇಳಿದ.

"ನಾನೇ ಕೂಗದ್ದ್, ಅತ್ತೆ. ಮಾವಯ್ಯನ ಹಾಂಗೇ ಕೂಗ್ರೆ ಬತ್ತ್ ಅಂದೇಳಿ. ಓಡಿ ಬಂತ್. ನನ್ನ ಎದಿ ಮೇಲ್ ಕಾಲ್ ಇಟ್ಟ್ ಮೂಸಿತ್. ಮತ್ತ್ ನನ್ನ ಬಿಟ್ಟ್ ಹಾಡಿ ಒಳ್ಗ್ ಹೋಯ್ತ್. ಹಂದಿ ಎದ್ರೂ ತಿರ್ಗಿ ಕಾಣ್ಲಿಲ್ಲ. ಹುಡ್ಕತಾ ಹೋಯ್ತ್."

ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ, ಅದು ಅಮ್ಮಣ್ಣಿಗೆ ಗೊತ್ತಿತ್ತು. ಗೊತ್ತಿದ್ದರೂ ಅವನ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು. ಒಳಗೆ ಹೋದಳು.

ಜಗಲಿಯಲ್ಲಿ ಸಲಹೆಗಳ ಸಂತೆ ನೆರೆಯಿತು. ಕಳೆದುಹೋದದ್ದು ಒಂದು ನಾಯಿ, ಉಪಾಯ ತಲೆಗೆ ಎರಡೆರಡು. ಹಾಯ್ಗುಳಿ ದೈವಕ್ಕೆ ಹರಕೆ ಹೇಳಬೇಕೆಂದ ಕಿಟ್ಟ. ಹರಕೆ ಹೇಳಿ ಮುಗಿಸುವ ಮೊದಲೇ, ಗುಡ್ಡದಲ್ಲಿ ಚಿಟ್ಟೆಹುಲಿ ಓಡಾಡುತ್ತಿದೆ, ಅದಕ್ಕೆ ನಾಯಿಯೆಂದರೆ ಬಾಯಿಗೆ ಸಕ್ಕರೆ ಎಂದೂ ಅವನೇ ಸೇರಿಸಿದ. ಜರ್ಮನ್ನನ್ನು ಬಿಟ್ಟು ಹುಡುಕಿಸೋಣವೇ ಎಂದು ಯಾರೋ ಕೇಳಿದ್ದಕ್ಕೆ, ಅದಕ್ಕೆ ಹೇಳಿದರೆ ಅದು ತನ್ನ ಬಾಲಕ್ಕೆ ಹೇಳೀತು ಎಂದು ಕುಷ್ಟನೇ ನಕ್ಕ. ಇನ್ನೊಮ್ಮೆ ಕೂಗಿ ನೋಡಲೇ ಎಂದ ರತ್ನಾಕರ.

"ಇನ್ನ್ ಆ ಕೂಗ್ ಬ್ಯಾಡ."

ಮಾತು ಬಂದದ್ದು ಕಿಟಕಿಯ ಒಳಗಿನಿಂದ. ಅಷ್ಟು ವರ್ಷಗಳಲ್ಲಿ ಆ ಕಿಟಕಿ ಜಗಲಿಯ ಮಾತಿಗೆ ಉತ್ತರ ಕೊಟ್ಟದ್ದೇ ಇಲ್ಲ.

ಕೊನೆಗೆ ಕುಷ್ಟ ತನ್ನ ಅಜ್ಜನ ಕಾಲದ ಉಪಾಯ ಹೇಳಿದ. "ಅಮ್ಮ, ಶೆಟ್ರ್ ಹೊದ್ಕಂತಿದ್ ಕಂಬ್ಳಿ ಇತ್ತಲೆ? ನಾಯಿ ಹೋದ್ ಜಾಗ್ದಗೆ ಹಾಸಿ ಬಪ್ಪ. ಒಡಿಯನ ವಾಸ್ನಿ ಸಿಕ್ರೆ ಅದ್ ಅಲ್ಲೇ ಮಲ್ಕಂತ್. ಬೆಳಿಗ್ಗೆ ಹೋಯಿ ಕರ್ಕಂಡ್ ಬಪ್ದ್."

ಇದನ್ನು ಕಿಟ್ಟನೂ ಒಪ್ಪಿದ. ಬೇಟೆಯವರೆಲ್ಲ ಬಲ್ಲ ಉಪಾಯವಿದು, ಎಷ್ಟೋ ನಾಯಿಗಳು ಹೀಗೆ ಸಿಕ್ಕಿದ್ದವು. ಅಮ್ಮಣ್ಣಿ ತನ್ನ ಗಂಟು ಬಿಚ್ಚಿ ಕಂಬಳಿ ತೆಗೆದುಕೊಟ್ಟಳು. ತ್ರಾಸಿಗೆ ಒಯ್ಯಲು ಇಟ್ಟುಕೊಂಡದ್ದು ಗಂಡನದೆಂದು ಅದೊಂದೇ. ಕೊಡುವ ಮೊದಲು ಒಮ್ಮೆ ಮುಖಕ್ಕೆ ಒತ್ತಿಕೊಂಡಳು. ಹೊಗೆಸೊಪ್ಪಿನ ವಾಸನೆ ಇನ್ನೂ ಇತ್ತು.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಹಾಡಿಯ ಅಂಚಿನಲ್ಲಿ ಹಾಸಿದ ಕಂಬಳಿಯ ನಡುವೆ ಗುಂಡಗೆ ತಗ್ಗು, ಕೆಂದು ಕೂದಲು. ನಾಯಿ ಬಂದು ಮಲಗಿ ಎದ್ದು ಹೋಗಿತ್ತು. ಗಂಡಸರಿಗೆ ಖುಷಿಯೋ ಖುಷಿ. ಬದುಕಿದೆ, ಇಂದಲ್ಲ ನಾಳೆ ಸಿಗುತ್ತದೆ. ಅದರ ಮರುದಿನವೂ ತಗ್ಗು, ಕೂದಲು, ನಾಯಿ ಇಲ್ಲ. ದೂರದಿಂದ ಕುಷ್ಟನ ಕಣ್ಣಿಗೆ ಬಿದ್ದಿತಂತೆ, ಪಕ್ಕೆಲುಬು ಎಣಿಸುವಂತಾಗಿದೆಯಂತೆ, ಮನುಷ್ಯರನ್ನು ಕಂಡೊಡನೆ ಗುಡ್ಡ ಹತ್ತುತ್ತದಂತೆ. ಆ ದಿನಗಳಲ್ಲಿ ಅಮ್ಮಣ್ಣಿ ಒಂದು ತುತ್ತು ನೆಟ್ಟಗೆ ಉಣ್ಣಲಿಲ್ಲ. ಹಿತ್ತಲಿಗೆ ಹೋಗಿ ಮಡಕೆ ಕೆರೆಯುವಳು, ಕಿವಿಗೊಡುವಳು, ಹೊಯ್ದ ಗಂಜಿಯನ್ನು ಕಾಗೆ ತಿನ್ನುವುದನ್ನು ನೋಡಿ ಒಳಗೆ ಬರುವಳು, ಮತ್ತೆ ಹೋಗುವಳು.

ಅಣ್ಣ ತೇಜಪ್ಪ ಗಾಡಿ ತಂದದ್ದು ಅಷ್ಟರಲ್ಲೇ. ಎತ್ತು ಬಿಚ್ಚಿ, ಕಾಲು ತೊಳೆದು, ಕುಡಿಯಲು ಬೆಲ್ಲ ನೀರು ಇಟ್ಟರೆ ಅಮ್ಮಣ್ಣಿಯ ಕಣ್ಣು ಗುಡ್ಡದ ಕಡೆ.

"ನಾಳೆ ಬೆಳಿಗ್ಗೆ ಹೊರಡ್ಕ್. ಕುಂದಾಪ್ರದಗೆ ನೀರ್ ಏರು ಹೊತ್ತಿಗ್ ದೋಣಿ ಹಿಡಿಕ್" ಎಂದ ತೇಜಪ್ಪ. ತಂಗಿಯ ಚಡಪಡಿಕೆ ಕಂಡು ಮೆತ್ತಗೆ ಸೇರಿಸಿದ. "ನಾಯಿ ಮನಿದ್, ಅಮ್ಮಣ್ಣಿ. ಮನಿ ಅಳಿಯಂದ್. ನಿಂಗ್ ಎಂತಕ್ ಅದ್ರ ಚಿಂತಿ?"

"ನಂಗ್ ಬ್ಯಾಡ ಅಣ್ಣಯ್ಯ, ಇಲ್ಲೇ ಇರ್ಲಿ. ಆರೆ ಹೀಂಗೆ ಹುಡ್ಕತಾ ಇಪ್ಪುದ್ ಬ್ಯಾಡ" ಎಂದಳು ಅವಳು.

ಹಾಗೆ ಹೇಳಿದ ಮೇಲೆಯೇ ಅವಳಿಗೆ ತಾನು ಹೇಳಿದ್ದು ಹೊಳೆದದ್ದು. ಹುಡುಕುತ್ತಿದೆ. ಯಾಕೆ ಹುಡುಕಬಾರದು? ದಣಪೆಯಲ್ಲಿ ಕಾದು ಕೂತಿದ್ದ ನಾಯಿಗೆ ರತ್ನಾಕರ ಕೂಗಿ ಹೇಳಿದ, ನಿನ್ನ ಒಡೆಯ ಗುಡ್ಡದಲ್ಲಿದ್ದಾನೆ ಎಂದು. ಕೂಗನ್ನು ನಂಬದೇ ಹೋದೀತೆಂದು ಕಂಬಳಿ ಹಾಸಿ ಇನ್ನೊಮ್ಮೆ ಹೇಳಿದರು, ಇಲ್ಲೇ ಇದ್ದಾನೆ, ವಾಸನೆ ನೋಡು ಎಂದು. ಎಲ್ಲರೂ ನಾಯಿಯ ವಿಷಯ ಬಲ್ಲವರೇ, ಹೇಳಿದ್ದೆಲ್ಲ ಮಾತ್ರ ಸುಳ್ಳು. ನಿಜವನ್ನು ಅದಕ್ಕೆ ಹೇಳಿದವರು ಯಾರೂ ಇಲ್ಲ. ಹೇಳಬೇಕಾದ ಹೊತ್ತಿನಲ್ಲಿ ತಾನೇ ಅದನ್ನು ಹಟ್ಟಿಯಲ್ಲಿ ಕಟ್ಟಿಸಿದ್ದಳು.

ಬೆಳಗಾಗುತ್ತಿದ್ದಂತೆ ಅಮ್ಮಣ್ಣಿ ಗಂಜಿಯ ಮಡಕೆ ಸೊಂಟಕ್ಕಿಟ್ಟು ಗುಡ್ಡದ ದಾರಿ ಹಿಡಿದಳು. ಗಾಡಿ ಕಟ್ಟುತ್ತಿದ್ದ ತೇಜಪ್ಪ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ, ಕೇಳಿಸಿದರೂ ನಿಲ್ಲುತ್ತಿರಲಿಲ್ಲ. ಬೀಳ್ಕೊಡಲು ಬಂದಿದ್ದ ಕುಷ್ಟ, ಕಿಟ್ಟ, ರತ್ನಾಕರ ಮೂವರೂ ಹಿಂದೆ ಬಂದರು. ಹಾಡಿಯ ಅಂಚಿನ ಬಂಡೆಯ ಬಳಿ ಕಂಬಳಿ ಇತ್ತು. ಅವಳು ಮೊದಲು ಮಾಡಿದ್ದು ಆ ಕಂಬಳಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡದ್ದು. ಆಮೇಲೆ ಮಡಕೆಯನ್ನು ಬಂಡೆಯ ಮೇಲಿಟ್ಟು ಚಿಪ್ಪಿನಿಂದ ಕೆರೆದಳು.

ಮೇಲೆ ಪೊದೆ ಅಲ್ಲಾಡಿತು. ಕೆಂದು ತಲೆ ಕಾಣಿಸಿತು, ಒಂದು ಕಿವಿ ಹರಿದಿತ್ತು. ಕೆರೆಯುವ ಸದ್ದು ಅದಕ್ಕೆ ಗೊತ್ತು. ಆದರೆ ಅದು ಬೇಕಾಗಿದ್ದ ಸದ್ದಲ್ಲ. ಅಲ್ಲಿಯೇ ನಿಂತು ನೋಡಿ, ತಿರುಗಿ ಹೋಗಲು ಹೊರಟಿತು.

"ಬೈರಾ."

ಕುಷ್ಟ ಹಣೆ ಚಚ್ಚಿಕೊಂಡ. ಎರಡನೆಯ ಬಾಯಿ. ಒಳ್ಳೆಯ ಬೇಟೆನಾಯಿ ಒಂದು ಆ ಗಳಿಗೆಗೆ ಮುಗಿದೇಹೋಯಿತು. ಅಮ್ಮಣ್ಣಿಗೆ ಅದರ ಪರಿವೆ ಇಲ್ಲ. ಅವಳ ದನಿ ಗಂಡನದರಂತೆ ಏರಲಿಲ್ಲ, ಇಳಿಯಲಿಲ್ಲ. ಮಗ್ಗುಲಲ್ಲಿ ಇದ್ದವರನ್ನು ಕರೆಯುವಂತೆ ಇನ್ನೊಮ್ಮೆ ಕರೆದಳು. "ಬೈರ, ಇಲ್ಲ್ ಬಾ."

ನಾಯಿ ನಿಂತಿತು. ಆ ಹೆಸರನ್ನು ಆ ಬಾಯಿಯಿಂದ ಅದು ಕೇಳಿದ್ದೇ ಇಲ್ಲ. ಒಂದು ಹೆಜ್ಜೆ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ಹತ್ತಿರ ಬಂದು ಅಭ್ಯಾಸದಂತೆ ಕೈ ನೋಡಿತು. ಅವಳು ಕೂತು ಎರಡೂ ಕೈಯಲ್ಲಿ ಅದರ ಮುಖ ಹಿಡಿದು ತನ್ನ ಕಡೆ ತಿರುಗಿಸಿದಳು.

"ಕೇಣ್ ಬೈರ. ಮಂಜಯ್ಯ ಶೆಟ್ರ್ ಇಲ್ಲೆ. ತೀರಿ ಹೋಯ್ರ್. ನಿನ್ನ ಹಟ್ಟಿಯಗೆ ಕಟ್ಸದ್ದ್ ನಾನೇ, ಅದ್ಕೇ ನಿಂಗ್ ಕಾಂಬುಕ್ ಸಿಕ್ಲಿಲ್ಲ. ಈ ಹಾಡಿಯಗೆ ಇಲ್ಲೆ ಅವ್ರ್. ಆ ದಾರಿಯಗೂ ಬಪ್ಪುದಿಲ್ಲೆ. ಮಂಜಯ್ಯ ಶೆಟ್ರ್ ಇನ್ನ್ ಎಲ್ಲೂ ಇಲ್ಲೆ. ಹುಡ್ಕದ್ ಸಾಕ್."

ಹೇಳುತ್ತ ಹೇಳುತ್ತ ಅವಳಿಗೆ ಅಳು ಒತ್ತಿ ಬಂತು. ಬೊಜ್ಜದ ದಿನ ನೂರು ಜನರ ಊಟದ ಮೇಲ್ವಿಚಾರಣೆಯಲ್ಲಿ ಅಳಲು ಪುರುಸೊತ್ತಿರಲಿಲ್ಲ. ಆಮೇಲೆ ಅತ್ತರೆ ಅಳಿಯನಿಗೆ ಬೇಸರವಾದೀತೆಂದು ಅಳಲಿಲ್ಲ. ಈಗ ನಾಯಿಯ ಕುತ್ತಿಗೆಗೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಕೇಳಿದ ಗಂಡಸರು ಮೂವರೂ ನೆಲ ನೋಡುತ್ತಿದ್ದರು. ನಾಯಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ಅವಳ ಅಳು ನಿಲ್ಲುವವರೆಗೂ ಅದು ಅಲುಗಾಡದೆ ನಿಂತಿತ್ತು. ಆಮೇಲೆ ಗುಡ್ಡದ ಕಡೆ ಒಮ್ಮೆ ನೋಡಿ, ಮಡಕೆಗೆ ಬಾಯಿ ಹಾಕಿ ಗಂಜಿ ಕುಡಿಯಿತು.

ಇಳಿಯುವಾಗ ರತ್ನಾಕರ ಹತ್ತಿರ ಬಂದ. "ಇನ್ನ್ ಅದ್ ಎರ್ಡ್ ಬಾಯಿ ಕೇಂಡ್ ನಾಯಿ, ಅತ್ತೆ. ಬ್ಯಾಟಿಗ್ ಆತ್ತಿಲ್ಲೆ. ನೀವೇ ಕರ್ಕಂಡ್ ಹೋಯ್ನಿ." ಹೇಳುವಾಗ ಅವನ ದನಿ ಅವನದೇ ಆಗಿತ್ತು. ಅಂಥ ನಾಯಿಯನ್ನು ಬಿಟ್ಟುಕೊಡುವುದು ಆ ಹುಡುಗನಿಗೆ ಸುಲಭವಾಗಿರಲಿಲ್ಲ ಎಂದು ಅಮ್ಮಣ್ಣಿಗೆ ತಿಳಿಯಿತು. ಕೆನ್ನೆಗೆ ಬಾರಿಸಬೇಕೆನ್ನಿಸಿದ್ದ ಕೈಯಿಂದಲೇ ಅವನ ತಲೆ ಸವರಿದಳು.

ಗಾಡಿ ಹೊರಡುವ ಮೊದಲು ಸಲಹೆಗಳು ಮತ್ತೆ ಸುರಿದವು. ಮೀನಿನ ಮುಳ್ಳು ಹಾಕಬೇಡಿ ಎಂದ ಕಿಟ್ಟ. ಹಾಕಿದರೆ ಏನೂ ಆಗುವುದಿಲ್ಲ, ಕಡಲ ನೀರು ಮಾತ್ರ ಕುಡಿಸಬೇಡಿ ಎಂದ ಕುಷ್ಟ. ಹರಿದ ಕಿವಿಗೆ ಅರಸಿನವೆಂದು ಒಬ್ಬ, ಸುಣ್ಣವೆಂದು ಇನ್ನೊಬ್ಬ. ಈ ಸಲ ಅಮ್ಮಣ್ಣಿ ಕಿಟಕಿಯ ಹಿಂದೆ ಇರಲಿಲ್ಲ, ಅಂಗಳದಲ್ಲಿ ಅವರ ನಡುವೆಯೇ ನಿಂತಿದ್ದಳು. "ಎರ್ಡೂ ಅಲ್ಲ. ಹೊನ್ನೆ ಎಣ್ಣಿ ಹಾಕ್ತೆ" ಎಂದಳು. ಅವರು ಒಪ್ಪಲಿಲ್ಲ. ತಮ್ಮೊಳಗೊಬ್ಬರ ಮಾತನ್ನು ಒಪ್ಪದಿರುವಂತೆಯೇ ಒಪ್ಪಲಿಲ್ಲ.

ಬೈರ ಗಾಡಿಯ ಅಚ್ಚಿನ ಕೆಳಗೆ ನೆರಳಲ್ಲಿ ನಡೆಯಿತು. ತಿರುವು ಬಂದಲ್ಲೆಲ್ಲ ನಿಂತು ಹಿಂದೆ ನೋಡುತ್ತಿತ್ತು. ನಿಂತಾಗಲೆಲ್ಲ ಅವಳು ಹೆಸರು ಹಿಡಿದು ಕರೆದಳು. ಹಾಲಾಡಿಯಲ್ಲಿ ಕರೆದಳು, ಕುಂದಾಪುರದ ದೋಣಿಯಲ್ಲಿ ಕರೆದಳು, ತ್ರಾಸಿಯ ಮರಳಿನ ಮೇಲೆ ವರ್ಷಗಟ್ಟಲೆ ಕರೆದಳು. ಬೇಕಿದ್ದಕ್ಕೂ ಕರೆದಳು, ಬೇಡದಿದ್ದಕ್ಕೂ ಕರೆದಳು. ಗಂಡನ ಹೆಸರನ್ನು ಮಾತ್ರ ಮತ್ತೆಂದೂ ಬಾಯಲ್ಲಿ ಹೇಳಲಿಲ್ಲ. ಗುಡ್ಡದ ಬಂಡೆಯ ಬಳಿ, ಹೇಳಬೇಕಾದವನಿಗೆ ಅದನ್ನು ಹೇಳಿ ಆಗಿತ್ತು.